ಕೀಟೋನ್ ಎರಡು ಪ್ಲಸ್ ಇದೆ, ಏನು ಮಾಡ್ಲಿ?

ನಮ್ಮ ನೆಂಟರಲ್ಲಿ ಯಾರದ್ದಾದರೂ ಯೂರಿನ್ ರಿಪೋರ್ಟ್ ಬಂದರೆ ಅದರ ಫೋಟೋ ನನ್ನ ಫೋನಿಗೂ ಬರುತ್ತದೆ. ನಾನು ಡಾಕ್ಟರ್ ಅಲ್ಲ, ಲ್ಯಾಬ್‌ನವಳೂ ಅಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮಗನಿಗೆ ಏಳನೇ ವಯಸ್ಸಿನಲ್ಲಿ ಟೈಪ್ 1 ಡಯಾಬಿಟಿಸ್ ಇದೆ ಅಂತ ಗೊತ್ತಾಯಿತು. ಅವತ್ತಿನಿಂದ ಕೀಟೋನ್ ನಮ್ಮ ಮನೆಯಲ್ಲಿ ದಿನಬಳಕೆಯ ಮಾತು. ಹಾಗಾಗಿ ಈ ವಿಷಯಕ್ಕೆ ನೆಂಟರಿಗೆಲ್ಲ ನಾನೇ ಗತಿ.

ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಕ್ಕಾ, ಕೀಟೋನ್ ಎರಡು ಪ್ಲಸ್ ಅಂತಿದೆ. ಏನು ಮಾಡ್ಲಿ?" ನಾನು ತಿರುಗಿ ಕೇಳುತ್ತೇನೆ. ಯಾರದ್ದು ರಿಪೋರ್ಟು? ಕೊನೆಗೆ ಊಟ ಮಾಡಿದ್ದು ಯಾವಾಗ? ಶುಗರ್ ಎಷ್ಟಿದೆ? ಯಾವ್ಯಾವ ಮಾತ್ರೆ ನಡೀತಿದೆ? ವಾಂತಿ ಏನಾದ್ರೂ ಇದೆಯಾ? ಕೆಲವರಿಗೆ ಇದು ತಲೆಹರಟೆ ಅನ್ನಿಸುತ್ತದೆ. "ರಿಪೋರ್ಟಲ್ಲೇ ಬರೆದಿದೆಯಲ್ಲ" ಅನ್ನುತ್ತಾರೆ. ಬರೆದಿದೆ, ನಿಜ. ಆದರೆ ಅದೇ ಎರಡು ಪ್ಲಸ್ ಒಬ್ಬರಿಗೆ ಏನೇನೂ ಅಲ್ಲ, ಇನ್ನೊಬ್ಬರಿಗೆ ಈಗಿಂದೀಗಲೇ ಆಸ್ಪತ್ರೆ. ಮೂತ್ರಕ್ಕೆ ಅದ್ದಿ ನೋಡುವ ಪಟ್ಟಿಯ ಬಣ್ಣ ಗಾಢವಾದಷ್ಟೂ ಪ್ಲಸ್ ಜಾಸ್ತಿ, ಆ ಬಣ್ಣ ಮಾತ್ರ ಇಬ್ಬರದ್ದೂ ಒಂದೇ.

ಕೀಟೋನ್ ಅಂದರೆ ವಿಷ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಗ್ಲೂಕೋಸ್ ಸಾಲದಾದಾಗ ಮೈಯಲ್ಲಿ ಕೂಡಿಟ್ಟ ಕೊಬ್ಬು ಕರಗುತ್ತದೆ. ಲಿವರ್ ಆ ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ. ತಮಾಷೆ ಅಂದರೆ ಲಿವರ್‌ಗೆ ತಾನು ಮಾಡಿದ್ದನ್ನು ತಾನೇ ಬಳಸಲು ಬರುವುದಿಲ್ಲ. ಎಲ್ಲ ಬೇರೆಯವರಿಗೇ: ಹೃದಯಕ್ಕೆ, ಸ್ನಾಯುಗಳಿಗೆ, ಮಿದುಳಿಗೆ. ಮಿದುಳಿಗೂ ಇದು ಆಹಾರ ಅಂತ ತೋರಿಸಿಕೊಟ್ಟದ್ದು ಬೋಸ್ಟನ್ನಿನ ಜಾರ್ಜ್ ಕೇಹಿಲ್ ಮತ್ತು ಅವರ ತಂಡ, 1967ರಲ್ಲಿ. ವಾರಗಟ್ಟಲೆ ಉಪವಾಸವಿದ್ದವರ ಮಿದುಳು ಬಹುಪಾಲು ಕೀಟೋನ್ ಮೇಲೇ ನಡೆಯುತ್ತಿತ್ತು. ಅದಿಲ್ಲದಿದ್ದರೆ ಬರಗಾಲಗಳನ್ನು ದಾಟಿ ಮನುಷ್ಯರು ಉಳಿಯುತ್ತಿದ್ದರೋ ಇಲ್ಲವೋ.

ಹಾಗಾದರೆ ತೊಂದರೆ ಎಲ್ಲಿ? ಇನ್ಸುಲಿನ್ ಇದೆಯೋ ಇಲ್ಲವೋ ಅನ್ನುವುದರಲ್ಲಿ. ನಾನು ನೆಂಟರಿಗೆ ಹೇಳುವುದು ಹೀಗೆ. ಮನೆಯಲ್ಲಿ ಗ್ಯಾಸ್ ಮುಗಿದರೆ ಸೌದೆ ಒಲೆ ಹಚ್ಚುತ್ತೇವೆ, ಅದು ಉಪವಾಸ. ಸಿಲಿಂಡರ್ ತುಂಬಿದೆ, ಆದರೆ ರೆಗ್ಯುಲೇಟರೇ ಇಲ್ಲ, ಅದಕ್ಕೇ ಸೌದೆ ಉರಿಸುತ್ತಿದ್ದೇವೆ ಅಂದರೆ ಅದು ಟೈಪ್ 1. ಆ ರೆಗ್ಯುಲೇಟರೇ ಇನ್ಸುಲಿನ್, ರಕ್ತದ ಸಕ್ಕರೆಯನ್ನು ಮೈ ಬಳಸುವಂತೆ ಮಾಡುವ ಹಾರ್ಮೋನ್. ಉಪವಾಸ ಮಾಡುವವರ ಮೈಯಲ್ಲಿ ಸ್ವಲ್ಪವಾದರೂ ಇನ್ಸುಲಿನ್ ಇದ್ದೇ ಇರುತ್ತದೆ. ಕೊಬ್ಬು ಕರಗುವುದಕ್ಕೆ ಅದೇ ಲಗಾಮು. ಕೀಟೋನ್ ಒಂದು ಮಟ್ಟಕ್ಕೆ ಏರಿ ನಿಲ್ಲುತ್ತದೆ. ಇನ್ಸುಲಿನ್ ಇಲ್ಲದವರಿಗೆ ಲಗಾಮೂ ಇಲ್ಲ. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಕೊಬ್ಬು ಕರಗುತ್ತಲೇ ಹೋಗುತ್ತದೆ, ರಕ್ತ ಹುಳಿಯಾಗುತ್ತಾ ಹೋಗುತ್ತದೆ. ಡಾಕ್ಟರುಗಳು ಡಿಕೆಎ ಅನ್ನುವುದು ಇದಕ್ಕೇ, ಡಯಾಬಿಟಿಕ್ ಕೀಟೋಅಸಿಡೋಸಿಸ್.

1922ರ ಟೊರಾಂಟೊದ ಕಥೆ ನನಗೆ ಇದಕ್ಕೇ ಇಷ್ಟ. ಡಯಾಬಿಟಿಸ್ ಇದ್ದ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಜನವರಿ 11ರಂದು ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಸಕ್ಕರೆ ಅಷ್ಟಿಷ್ಟು ಇಳಿಯಿತು. ಮೂತ್ರದಲ್ಲಿ ಕೀಟೋನ್ ಹಾಗೇ ಇತ್ತು. ಚುಚ್ಚಿದ ಜಾಗದಲ್ಲಿ ಕೀವು ಬೇರೆ. ಆಮೇಲೆ ಅದೇ ತಂಡದ ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್ ಆ ಔಷಧವನ್ನು ಇನ್ನಷ್ಟು ಶುದ್ಧ ಮಾಡಿದರು. ಜನವರಿ 23ರಂದು ಮತ್ತೆ ಕೊಟ್ಟಾಗ ಸಕ್ಕರೆ ಇಳಿದದ್ದಷ್ಟೇ ಅಲ್ಲ, ಕೀಟೋನ್ ಕೂಡ ಮಾಯವಾಯಿತು. ಈ ಸಲ ಔಷಧ ನಿಜವಾಗಿ ಕೆಲಸ ಮಾಡಿದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ? ಸಕ್ಕರೆ ಏರಲು ಇಳಿಯಲು ನೂರು ಕಾರಣ. ಮಗನ ಪಟ್ಟಿಯಲ್ಲಿ ಕೀಟೋನ್ ಕಂಡರೆ ನನ್ನ ತಲೆಗೆ ಮೊದಲು ಬರುವ ಪ್ರಶ್ನೆ ಇದೊಂದೇ: ಮೈಗೆ ಬೇಕಾದಷ್ಟು ಇನ್ಸುಲಿನ್ ಒಳಗೆ ಹೋಗಿದೆಯಾ?

ಈಗ ನೆಂಟರ ರಿಪೋರ್ಟುಗಳು. ನಮ್ಮ ಅತ್ತೆಯವರು ಏಕಾದಶಿಗೆ ಒಂದು ಹೊತ್ತು ಹಣ್ಣು ತಿಂದು ಇರುವವರು. ಹೆಲ್ತ್ ಚೆಕಪ್ಪಿಗೆ ಮಾರನೇ ದಿನ ಬೆಳಗ್ಗೆ ಬರಿಹೊಟ್ಟೆಯಲ್ಲೇ ಹೋದರು. ಕೀಟೋನ್ ಒಂದು ಪ್ಲಸ್. ಶುಗರ್ ನಾರ್ಮಲ್, ಡಯಾಬಿಟಿಸ್ ಇಲ್ಲ, ಮೈಗೂ ಏನಿಲ್ಲ. "ದ್ವಾದಶಿ ಪಾರಣೆ ಮಾಡಿ ಅತ್ತೆ, ಅಷ್ಟೇ" ಅಂದೆ. ಜ್ವರ ಬಂದು ಊಟ ಬಿಟ್ಟ ಮಕ್ಕಳಲ್ಲೂ ಹೀಗೆ ಕಾಣುವುದುಂಟು.

ನಾದಿನಿಗೆ ಮೂರನೇ ತಿಂಗಳಲ್ಲಿ ವಿಪರೀತ ವಾಂತಿ. ರಿಪೋರ್ಟಿನಲ್ಲಿ ಎರಡು ಪ್ಲಸ್. ಇಲ್ಲಿ ಕೀಟೋನ್‌ಗಿಂತ ನೋಡಬೇಕಾದ್ದು ಬೇರೆ: ತೂಕ ಎಷ್ಟು ಇಳಿದಿದೆ, ನೀರಾದರೂ ಹೊಟ್ಟೆಯಲ್ಲಿ ನಿಲ್ಲುತ್ತಿದೆಯಾ, ಮೂತ್ರ ಸರಿಯಾಗಿ ಆಗುತ್ತಿದೆಯಾ. ನೀರೂ ನಿಲ್ಲದಿದ್ದರೆ ಪಟ್ಟಿ ಏನೇ ಹೇಳಲಿ, ಡಾಕ್ಟರ ಹತ್ತಿರ ಹೋಗಲೇಬೇಕು. ಬಸುರಿಯಲ್ಲಿ ಡಯಾಬಿಟಿಸ್ ಕೂಡ ಇದ್ದರೆ ಮಾತ್ರ ಕಥೆ ಪೂರ್ತಿ ಬೇರೆ. ಸಕ್ಕರೆ ತೀರಾ ಜಾಸ್ತಿ ಇಲ್ಲದೆಯೂ ಅಂಥವರಿಗೆ ಡಿಕೆಎ ಆಗಬಹುದು.

ಬೆಂಗಳೂರಿನಲ್ಲಿರುವ ಅಣ್ಣನ ಮಗ ಕೀಟೋ ಡಯಟ್ ಮಾಡುತ್ತಾನೆ. ಅನ್ನ, ಚಪಾತಿ ಬಿಟ್ಟು ಪನೀರು, ಮೊಟ್ಟೆ. ದಿನಾ ಬೆಳಗ್ಗೆ ಪಟ್ಟಿ ಅದ್ದಿ, ಬಣ್ಣ ಗಾಢವಾಗಿದ್ದರೆ ಖುಷಿ. ಕೆಲವು ವಾರ ಕಳೆದ ಮೇಲೆ ಬಣ್ಣ ತಿಳಿಯಾಯಿತು ಅಂತ ಬೇಜಾರು. "ಅತ್ತೆ, ಡಯಟ್ ಕೆಲಸ ಮಾಡ್ತಿಲ್ಲ." ಹಾಗಲ್ಲ. ಮೈಗೆ ರೂಢಿಯಾದ ಮೇಲೆ ಕೀಟೋನ್ ಮೂತ್ರದಲ್ಲಿ ಪೋಲಾಗುವುದು ಕಡಿಮೆಯಾಗುತ್ತದೆ. ಬಣ್ಣ ಗಾಢ ಆಗಲು ನೀರು ಕಮ್ಮಿ ಕುಡಿದರೂ ಸಾಕು. ಮೂತ್ರಕ್ಕೆ ಹೋದ ಕೀಟೋನ್ ಮಿಕ್ಕಿ ಹೋದದ್ದು. ಕೊಬ್ಬು ಎಷ್ಟು ಕರಗಿತು ಅನ್ನುವ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಅಂದಹಾಗೆ ಈ ಆಹಾರ ಕ್ರಮ ಜಿಮ್ಮಿನಲ್ಲಿ ಹುಟ್ಟಿದ್ದಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ರಸೆಲ್ ವೈಲ್ಡರ್ ಇದನ್ನು ಮೂರ್ಛೆ ರೋಗಕ್ಕೆ ಸೂಚಿಸಿದ್ದರು. ಔಷಧಿಗೆ ಬಗ್ಗದ ಫಿಟ್ಸ್ ಇರುವ ಮಕ್ಕಳಿಗೆ ಇವತ್ತಿಗೂ ಡಾಕ್ಟರ ನಿಗಾದಲ್ಲಿ ಕೊಡುತ್ತಾರೆ. ಆ ಮನೆಗಳಲ್ಲಿ ಪ್ಲಸ್ ಬಂದರೇ ಸಮಾಧಾನ.

ನಮ್ಮ ಮನೆಗೆ ಕೀಟೋನ್ ಬಂದದ್ದು ಮಳೆಗಾಲದಲ್ಲಿ. ಮಗ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳಲು ಶುರು ಮಾಡಿದ್ದ. ಎಷ್ಟೋ ವರ್ಷದ ಹಿಂದೆ ಬಿಟ್ಟುಹೋಗಿದ್ದ ಅಭ್ಯಾಸ. ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದ, ಚಡ್ಡಿ ಸಡಿಲವಾಗುತ್ತಿತ್ತು. ಆಮೇಲೆ ಹೊಟ್ಟೆನೋವು, ವಾಂತಿ. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಇನ್‌ಫೆಕ್ಷನ್ ಅಂತ ಸಿರಪ್ ಕೊಟ್ಟರು. ರಾತ್ರಿ ಉಸಿರು ಜೋರಾಯಿತು. ಓಡಿ ಬಂದವರ ಹಾಗೆ ಏದುಸಿರಲ್ಲ, ಆಳವಾಗಿ, ಒಂದೇ ಸಮನೆ. ಬಾಯಿಂದ ಕೊಳೆಯಲು ಬಂದ ಹಣ್ಣಿನಂಥ ವಾಸನೆ. ಅದು ಅಸಿಟೋನ್, ಕೀಟೋನ್‌ಗಳಲ್ಲಿ ಒಂದು, ಉಸಿರಲ್ಲಿ ಹೊರಬರುತ್ತದೆ. ಆ ಉಸಿರಾಟವನ್ನು ಜರ್ಮನಿಯ ಡಾಕ್ಟರ್ ಕುಸ್ಮಾಲ್ 1874ರಲ್ಲೇ ಬರೆದಿಟ್ಟಿದ್ದಾರೆ. ರಕ್ತದ ಹುಳಿ ಇಳಿಸಲು ಮೈ ಇಂಗಾಲದ ಡೈಆಕ್ಸೈಡನ್ನು ಆದಷ್ಟು ಹೊರಗೆ ಹಾಕಲು ನೋಡುತ್ತದೆ. ದೊಡ್ಡ ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ಬೆರಳು ಚುಚ್ಚಿ ಶುಗರ್ ನೋಡಿದರು, ಮೂತ್ರಕ್ಕೆ ಪಟ್ಟಿ ಅದ್ದಿದರು, ಮಾತಾಡದೆ ಡಾಕ್ಟರನ್ನು ಕರೆದರು. ಒಂದು ಪಟ್ಟಿ, ಒಂದು ನಿಮಿಷವೂ ಹಿಡಿಯಲಿಲ್ಲ. ಮಕ್ಕಳ ಹೊಟ್ಟೆನೋವು, ವಾಂತಿ, ಜೋರು ಉಸಿರು ಅಂತ ಬಂದ ಕಡೆಯಲ್ಲೆಲ್ಲ ಈ ಪಟ್ಟಿಯನ್ನೂ ಗ್ಲೂಕೋಮೀಟರನ್ನೂ ಮುಟ್ಟಿ ನೋಡದೆ ಕಳಿಸುವುದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಅಲ್ಲಿಯೇ ಇನ್ನೊಂದು ವಿಚಿತ್ರ ನೋಡಿದೆ. ಇನ್ಸುಲಿನ್ ಡ್ರಿಪ್ ಶುರುವಾಗಿ, ಮಗ ಕಣ್ಣು ಬಿಟ್ಟು, ದೋಸೆ ಬೇಕು ಅಂದ ಮೇಲೂ ಮೂತ್ರದ ಪಟ್ಟಿ ಕಡು ನೇರಳೆ. ಹಿಂದಿಗಿಂತ ಗಾಢವಾಗಿದೆ ಅನ್ನಿಸಿತು. ಗಾಬರಿಯಿಂದ ಕೇಳಿದಾಗ ಡ್ಯೂಟಿ ಡಾಕ್ಟರ್ ಕೂತು ವಿವರಿಸಿದರು. ಪುಣ್ಯಾತ್ಮ, ಅಷ್ಟು ಗಡಿಬಿಡಿಯಲ್ಲೂ.

ಕೀಟೋನ್‌ನಲ್ಲಿ ಮೂರು ಬಗೆ. ಅಸಿಟೊಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟಿರೇಟ್, ಅಸಿಟೋನ್. ಪಟ್ಟಿಯ ಮೇಲಿರುವ ಔಷಧ ಸೋಡಿಯಂ ನೈಟ್ರೊಪ್ರಸೈಡ್. ಅದು ಬಣ್ಣ ಬದಲಿಸುವುದು ಮುಖ್ಯವಾಗಿ ಅಸಿಟೊಅಸಿಟೇಟ್‌ಗೆ. ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಅದರ ಕಣ್ಣಿಗೇ ಬೀಳುವುದಿಲ್ಲ. ಡಿಕೆಎಯಲ್ಲಿ ಜಾಸ್ತಿ ಇರುವುದು ಇದೇ, ಅಸಿಟೊಅಸಿಟೇಟ್‌ನ ಮೂರು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟಿನವರೆಗೂ. ಅಂದರೆ ರೋಗಿ ತೀರಾ ಹದಗೆಟ್ಟಾಗ ಪಟ್ಟಿ ಕಡಿಮೆ ಹೇಳಬಹುದು. ಇನ್ಸುಲಿನ್ ಕೊಟ್ಟ ಮೇಲೆ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಮತ್ತೆ ಅಸಿಟೊಅಸಿಟೇಟ್ ಆಗುತ್ತದೆ. ಆಗ ರೋಗಿ ಚೇತರಿಸಿಕೊಳ್ಳುತ್ತಿದ್ದರೂ ಪಟ್ಟಿ ಜಾಸ್ತಿ ಹೇಳಬಹುದು. ನನ್ನ ಮಗನಿಗೆ ಆದದ್ದು ಇದೇ.

ನನ್ನ ತಂಗಿ ಲ್ಯಾಬ್ ಟೆಕ್ನೀಷಿಯನ್ ಕೋರ್ಸ್ ಮಾಡಿದವಳು. ಪಟ್ಟಿಯಲ್ಲಿ ನಡೆಯುವುದನ್ನೇ ಅವಳು ಟೆಸ್ಟ್ ಟ್ಯೂಬಿನಲ್ಲಿ ಮಾಡಿ ಕಲಿತಿದ್ದಳು. ರೊಥೆರಾ ಟೆಸ್ಟ್ ಅಂತ ಹೆಸರು, 1908ರದ್ದು. ಮೂತ್ರಕ್ಕೆ ಅಮೋನಿಯಂ ಸಲ್ಫೇಟ್ ಕರಗುವಷ್ಟೂ ಹಾಕುವುದು, ನೈಟ್ರೊಪ್ರಸೈಡ್‌ನ ಹರಳು ಬಿಡುವುದು, ಚೆನ್ನಾಗಿ ಕಲಕಿ ಟ್ಯೂಬಿನ ಅಂಚಿನಿಂದ ಅಮೋನಿಯಾ ಇಳಿಸುವುದು. ಎರಡೂ ಸೇರುವಲ್ಲಿ ನೇರಳೆ ಉಂಗುರ. ನಮ್ಮ ಕೈಯಲ್ಲಿರುವ ಪಟ್ಟಿ ಅದೇ ಪರೀಕ್ಷೆಯ ಒಣ ರೂಪ.

ಒಣ ರೂಪ ಅನ್ನುವುದನ್ನು ಮಲೆನಾಡಿನವರು ಸ್ವಲ್ಪ ಗಮನಿಸಬೇಕು. ನಮ್ಮದು ತೀರ್ಥಹಳ್ಳಿ ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳ ಮೆತ್ತಗಾಗುತ್ತದೆ, ಬೆಂಕಿಪೊಟ್ಟಣ ಹತ್ತುವುದಿಲ್ಲ. ಪಟ್ಟಿಗೂ ಅದೇ ಶತ್ರು. ತೇವ ತಾಗಿದ ಪಟ್ಟಿ ಕೀಟೋನ್ ಇದ್ದರೂ ಇಲ್ಲ ಅನ್ನುತ್ತದೆ. ಇದ್ದದ್ದನ್ನು ಇಲ್ಲ ಅನ್ನುವ ಪಟ್ಟಿಗಿಂತ ಪಟ್ಟಿ ಇಲ್ಲದಿರುವುದೇ ವಾಸಿ. ಹಾಗಾಗಿ ಡಬ್ಬಿ ತೆರೆದ ತಾರೀಖನ್ನು ಮುಚ್ಚಳದ ಮೇಲೇ ಬರೆಯುತ್ತೇನೆ. ಕೆಲವು ಕಂಪನಿಯವು ತೆರೆದ ಮೇಲೆ ಆರು ತಿಂಗಳು ಅನ್ನುತ್ತವೆ, ಡಬ್ಬಿ ಮೇಲೆ ಏನಿದೆಯೋ ಅದೇ ಲೆಕ್ಕ. ಒಂದು ತೆಗೆದ ಕೂಡಲೇ ಮುಚ್ಚಳ ಬಿಗಿ. ಒಳಗಿರುವ ತೇವ ಹೀರುವ ಚೀಲ ಬಿಸಾಡಬಾರದು. ಬಾತ್‌ರೂಮಿನಲ್ಲಿ ಇಡಬಾರದು, ಎಲ್ಲರೂ ಇಡುವುದು ಅಲ್ಲೇ ಆದರೂ. ಪಟ್ಟಿಯ ತುದಿ ಅದ್ದುವ ಮೊದಲೇ ಕಪ್ಪಿಟ್ಟಿದ್ದರೆ ಅದು ಕಸ.

ಅದ್ದುವುದರಲ್ಲಿ ಅಂಥ ಕಷ್ಟವೇನಿಲ್ಲ. ಆಗ ತಾನೇ ಮಾಡಿದ ಮೂತ್ರವೇ ಬೇಕು, ಗಂಟೆಗಟ್ಟಲೆ ಇಟ್ಟದ್ದಲ್ಲ. ಅದ್ದಿ ತೆಗೆದು, ಅಂಚನ್ನು ತಟ್ಟಿ, ಡಬ್ಬಿ ಹೇಳಿದಷ್ಟು ಹೊತ್ತು ಕಾಯಬೇಕು. ಕೀಟೋನ್ ಮಾತ್ರ ನೋಡುವ ಪಟ್ಟಿಗೆ ಸಾಮಾನ್ಯವಾಗಿ 15 ಸೆಕೆಂಡು, ಹಲವು ಪರೀಕ್ಷೆ ಒಟ್ಟಿಗೆ ಮಾಡುವ ಪಟ್ಟಿಗಳಲ್ಲಿ 40 ಸೆಕೆಂಡು. ಮರೆತು ಐದು ನಿಮಿಷ ಬಿಟ್ಟು ನೋಡಿದರೆ ಆ ಬಣ್ಣಕ್ಕೆ ಅರ್ಥವಿಲ್ಲ. ಹಳದಿ ಬಲ್ಬಿನ ಕೆಳಗೆ ತಿಳಿ ಗುಲಾಬಿಗೂ ನಡು ಗುಲಾಬಿಗೂ ವ್ಯತ್ಯಾಸ ಕಾಣುವುದಿಲ್ಲ, ಬಿಳಿ ಬೆಳಕು ಬೇಕು. ಡಬ್ಬಿಯ ಮೇಲೆ 5, 15, 40, 80, 160 ಅಂತ ಬಣ್ಣದ ಚೌಕಗಳಿರುತ್ತವೆ, ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ. 5 ಅಂದರೆ ಟ್ರೇಸ್, 15 ಸ್ವಲ್ಪ, 40 ಮಧ್ಯಮ, 80 ಮುಟ್ಟಿದರೆ ಜಾಸ್ತಿ. ಕೆಲವು ಔಷಧಿಗಳು ಬಣ್ಣ ಕೆಡಿಸುತ್ತವೆ. ಬಿಪಿಗೆ ಕೊಡುವ ಕ್ಯಾಪ್ಟೊಪ್ರಿಲ್ ಸುಮ್ಸುಮ್ನೆ ಕೀಟೋನ್ ತೋರಿಸಬಹುದು. ವಿಟಮಿನ್ ಸಿ ಮಾತ್ರೆಯನ್ನು ಜಾಸ್ತಿ ನುಂಗುವವರಲ್ಲಿ ಇದ್ದದ್ದು ಕಾಣದೆ ಹೋಗಬಹುದು.

ಇನ್ನೊಂದು ಮಿತಿ ಎಲ್ಲಕ್ಕಿಂತ ದೊಡ್ಡದು. ಮೂತ್ರದ ಪಟ್ಟಿ ಈಗಿನದ್ದು ಹೇಳುವುದಿಲ್ಲ. ಕಳೆದ ಸಲ ಮೂತ್ರ ಮಾಡಿದಾಗಿನಿಂದ ಇಲ್ಲಿಯವರೆಗೆ ಮೂತ್ರಚೀಲದಲ್ಲಿ ಸೇರಿದ್ದರ ಸರಾಸರಿ ಅದು. ಬೆಳಗ್ಗೆ ಎದ್ದ ತಕ್ಷಣ ನೋಡಿದರೆ ರಾತ್ರಿಯ ಸುದ್ದಿ. ಮೈಯಲ್ಲಿ ನೀರು ಬತ್ತಿದ ಮಗುವಿಗೆ ಮೂತ್ರವೇ ಬರುವುದಿಲ್ಲ, ಆಗ ಏನನ್ನು ಅದ್ದುವುದು? ಹಾಗಾಗಿ ಮಗ ದೊಡ್ಡವನಾದ ಮೇಲೆ ರಕ್ತದಲ್ಲಿ ಕೀಟೋನ್ ನೋಡುವ ಮೀಟರ್ ತಂದೆವು. ಅದು ನೋಡುವುದು ಬೀಟಾ ಹೈಡ್ರಾಕ್ಸಿಬ್ಯುಟಿರೇಟನ್ನು, ಅದೂ ಈ ಕ್ಷಣದ್ದು. ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ 0.6ಕ್ಕಿಂತ ಕಡಿಮೆ ಇದ್ದರೆ ಸರಿ. 1.5 ದಾಟಿದರೆ ಡಾಕ್ಟರಿಗೆ ಫೋನ್. 3 ಆದರೆ ಆಸ್ಪತ್ರೆ. ಅದರ ಪಟ್ಟಿ ದುಬಾರಿ, ನಮ್ಮಂಥ ಊರಿನ ಮೆಡಿಕಲ್‌ಗಳಲ್ಲಿ ಆರ್ಡರ್ ಕೊಟ್ಟು ತರಿಸಬೇಕು. ಎಲ್ಲರ ಕೈಗೂ ಎಟುಕುವುದಿಲ್ಲ. ಮೂತ್ರದ ಪಟ್ಟಿಯನ್ನು ಅದರ ಮಿತಿ ತಿಳಿದು ಬಳಸಿದರೆ ಎಷ್ಟೋ ಮಕ್ಕಳನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಿಸುತ್ತದೆ. ಏನೂ ಇಲ್ಲದೆ ಕೂರುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಮಾವನವರ ವಿಷಯ ಬೇರೆಯೇ. ಅವರದ್ದು ಟೈಪ್ 2, ಮಾತ್ರೆಯಲ್ಲೇ ನಡೆಯುತ್ತದೆ. ಹರ್ನಿಯಾ ಆಪರೇಷನ್ ನಿಗದಿಯಾಗಿತ್ತು. ಮಾತ್ರೆಗಳ ಪಟ್ಟಿ ನೋಡಿದಾಗ ಡಾಪಾಗ್ಲಿಫ್ಲೋಜಿನ್ ಕಂಡಿತು. ಹೆಸರಿನ ಬಾಲದಲ್ಲಿ 'ಗ್ಲಿಫ್ಲೋಜಿನ್' ಇರುವ ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿಸುತ್ತವೆ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದು ಅಂತ ಈಗ ತುಂಬಾ ಬರೆಯುತ್ತಾರೆ. 2020ರಲ್ಲಿ ಡಾಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದ ಮೇಲೆ ನಮ್ಮಲ್ಲಿ ಬೆಲೆಯೂ ಇಳಿಯಿತು. ಒಳ್ಳೆಯ ಮಾತ್ರೆಯೇ. ಆದರೆ ಇದನ್ನು ತೆಗೆದುಕೊಳ್ಳುವ ಕೆಲವರಿಗೆ ಉಪವಾಸ, ವಾಂತಿ, ಆಪರೇಷನ್ ಸಮಯದಲ್ಲಿ ಕೀಟೋನ್ ಏರುತ್ತದೆ. ಅದೂ ಸಕ್ಕರೆ 180, 200ರ ಆಸುಪಾಸಿನಲ್ಲಿರುವಾಗಲೇ. ಸಕ್ಕರೆ ಪರವಾಗಿಲ್ಲ ಅಂತ ಯಾರೂ ಕೀಟೋನ್ ನೋಡುವುದಿಲ್ಲ. ಅಮೆರಿಕದ ಔಷಧ ಇಲಾಖೆ 2015ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲು ಇದನ್ನು ನಿಲ್ಲಿಸಬೇಕು ಅನ್ನುವುದು ಈಗಿನ ಪದ್ಧತಿ. ಸಾಲದ್ದಕ್ಕೆ ಈ ಮಾತ್ರೆ ಕೀಟೋನ್ ಮೂತ್ರಕ್ಕೆ ಹೋಗುವುದನ್ನೂ ಸ್ವಲ್ಪ ತಡೆಯುತ್ತದೆ, ಪಟ್ಟಿ ತಿಳಿಯಾಗಿ ಕಂಡರೂ ನಂಬುವ ಹಾಗಿಲ್ಲ. ಮಾವನಿಗೆ "ಅನಸ್ತೇಶಿಯಾ ಡಾಕ್ಟರಿಗೆ ಈ ಮಾತ್ರೆಯ ಹೆಸರು ಹೇಳಿ" ಅಂದೆ. "ಅವರಿಗೆ ಗೊತ್ತಿರಲ್ವೇನಮ್ಮ?" ಅಂದರು. ಹೇಳಿದರು. ಡಾಕ್ಟರ್ ಮಾತ್ರೆ ನಿಲ್ಲಿಸಿ ಆಪರೇಷನ್ ಮುಂದಿನ ವಾರಕ್ಕೆ ಹಾಕಿದರು.

ಮಗನ ವಿಷಯದಲ್ಲಿ ನಮ್ಮ ನಿಯಮಗಳು ಡಾಕ್ಟರ್ ಬರೆದುಕೊಟ್ಟಂಥವು. ಶುಗರ್ 250 ದಾಟಿ ಇಳಿಯದೆ ನಿಂತರೆ ಕೀಟೋನ್ ನೋಡಬೇಕು. ಜ್ವರ, ವಾಂತಿ, ಭೇದಿ ಇದ್ದರೆ ಶುಗರ್ ಎಷ್ಟೇ ಇರಲಿ, ನೋಡಬೇಕು. ಕೀಟೋನ್ ಇದ್ದಾಗ ಆಟ, ಓಟ ಬೇಡ. ಬೆವರು ಹರಿಸಿದರೆ ಶುಗರ್ ಇಳಿಯುತ್ತೆ ಅನ್ನುವ ಪಿಟಿ ಮೇಷ್ಟ್ರ ಲೆಕ್ಕ ಇಲ್ಲಿ ಉಲ್ಟಾ ಹೊಡೆಯುತ್ತದೆ. ಶುಗರ್ ಜಾಸ್ತಿ ಇದ್ದರೆ ನೀರು, ಉಪ್ಪು ಹಾಕಿದ ತೆಳು ಮಜ್ಜಿಗೆ. ಕಡಿಮೆ ಇದ್ದರೆ ಗಂಜಿ, ಎಳನೀರು, ಸಕ್ಕರೆ ಹಾಕಿದ ಪಾನಕ, ಯಾಕೆಂದರೆ ಇನ್ಸುಲಿನ್ ಕೊಡಲು ಮೈಗೆ ಸಕ್ಕರೆಯೂ ಬೇಕು. ಹೆಚ್ಚುವರಿ ಇನ್ಸುಲಿನ್ ಎಷ್ಟು ಅನ್ನುವುದು ಪ್ರತಿ ಮಗುವಿಗೂ ಬೇರೆ, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಇದರಲ್ಲಿ ಜನರಿಗೆ ಅರ್ಥ ಮಾಡಿಸಲು ಕಷ್ಟವಾಗುವ ಮಾತು ಒಂದಿದೆ. "ಮಗು ಏನೂ ತಿಂದಿಲ್ಲ, ಇನ್ನು ಇನ್ಸುಲಿನ್ ಯಾಕೆ?" ನಮ್ಮಮ್ಮನೇ ಎಷ್ಟು ಸಲ ಕೇಳಿದ್ದಾರೋ. ಕೇಳಲು ಎಷ್ಟು ಸರಿಯಾಗಿದೆ ಅಲ್ವಾ? ಆದರೆ ಜ್ವರ ಬಂದಾಗ ಮೈಗೆ ಇನ್ಸುಲಿನ್ ಜಾಸ್ತಿಯೇ ಬೇಕಾಗುತ್ತದೆ. ದಿನಕ್ಕೊಮ್ಮೆ ಕೊಡುವ ಉದ್ದ ಓಟದ ಇನ್ಸುಲಿನ್ ಊಟಕ್ಕಲ್ಲ, ಲಿವರ್‌ನ ಕೀಟೋನ್ ಕಾರ್ಖಾನೆಗೆ ಲಗಾಮು ಹಾಕಲು. ಅದನ್ನು ಯಾವತ್ತೂ ನಿಲ್ಲಿಸಬಾರದು. ನಾಟಿ ಔಷಧಿಗೆ ಸಕ್ಕರೆ ಕಾಯಿಲೆ ವಾಸಿಯಾಗುತ್ತೆ ಅಂತ ಟೈಪ್ 1 ಮಕ್ಕಳ ಇನ್ಸುಲಿನ್ ಬಿಡಿಸುವವರು ನಮ್ಮ ಕಡೆಯೂ ಇದ್ದಾರೆ. ಅವರ ಬಗ್ಗೆ ಬರೆದರೆ ನನ್ನ ಭಾಷೆ ಕೆಡುತ್ತದೆ.

ಮಗ ಈಗ ಮಂಗಳೂರಿನಲ್ಲಿ ಪಿಯು ಓದುತ್ತಿದ್ದಾನೆ, ಹಾಸ್ಟೆಲ್ ವಾಸ. ಎಲ್ಲರ ಜೊತೆಗಿನ ಟಾಯ್ಲೆಟ್ಟಿಗೆ ಪಟ್ಟಿ ಹಿಡಿದು ಹೋಗಲು ಅವನಿಗೆ ಮುಜುಗರ. ಆ ವಯಸ್ಸಿಗೆ ಸಹಜ. ಹಾಗಾಗಿ ರಕ್ತದ ಮೀಟರ್ ಅವನ ಜೊತೆ ಹೋಗಿದೆ, ಮೂತ್ರದ ಪಟ್ಟಿಯ ಡಬ್ಬಿ ಬೀರುವಿನಲ್ಲಿ ಬದಲಿಗೆ ಅಂತ ಇದೆ. ವಾರ್ಡನ್‌ಗೆ ಒಂದು ಹಾಳೆ ಬರೆದುಕೊಟ್ಟೆ. ಮೊದಲು ಎರಡು ಪುಟ ಆಗಿತ್ತು, ಮಗ ಓದಿ "ಅಮ್ಮಾ, ಇದನ್ನ ಯಾರೂ ಓದಲ್ಲ" ಅಂತ ಹೊಡೆದುಹಾಕುತ್ತಾ ಬಂದ. ಅವನು ಉಳಿಸಿದ್ದು ಇಷ್ಟು: ಇವನಿಗೆ ಟೈಪ್ 1 ಡಯಾಬಿಟಿಸ್ ಇದೆ. ಊಟ ಮಾಡದಿದ್ದರೂ ಇನ್ಸುಲಿನ್ ಬೇಕು. ವಾಂತಿ ನಿಲ್ಲದಿದ್ದರೆ, ಉಸಿರು ಜೋರಾದರೆ, ಮಾತು ತೊದಲಿದರೆ ಗ್ಯಾಸ್ಟ್ರಿಕ್ ಅಂತ ಕಾಯಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೀಟೋನ್ ನೋಡಿ ಅಂತ ಬಾಯಿಬಿಟ್ಟು ಕೇಳಿ. ಮನೆಗೆ ಆಮೇಲೆ ಫೋನ್ ಮಾಡಿದರೆ ಸಾಕು.